ಕತ್ತರಿಸಿದ ಕೆಮ್ಮು

"ಅಣ್ಣಾ, ನಂಗೆ ಅವರ ಹಾಡು ಬೇಡ. ಕೆಮ್ಮು ಬೇಕು," ಎಂದಳು ಮುಸೊಂಡ.

ಮೌಸ್ ಮೇಲಿದ್ದ ಕಪಂಬ್ವೆಯ ಕೈ ಅಲ್ಲೇ ನಿಂತಿತು. ಗಣಿಯೂರಾದ ಕಿಟ್ವೆಯಲ್ಲಿ ಅವನದೊಂದು ಒಂದೇ ಕೋಣೆಯ ಸ್ಟುಡಿಯೊ. ಅಲ್ಲಿ ಅವಳ ಗಂಡ ಚಿಲೆಶೆ ಮೂರು ವರ್ಷ ಹಾಡಿದ್ದ. ತಾಮ್ರದ ಗಣಿಯ ಕೆಲಸಗಾರ, ಹೋದ ತಿಂಗಳು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಿದ್ದ.

"ಗಣೀಲಿದ್ದಾಗ ಅವರಿಗೆ ಕಾಯಿಲೇನೇ ಇರ್ಲಿಲ್ವಂತೆ. ಗಣಿ ಆಫೀಸಿನೋರು ಹಾಗಂತಾರೆ. ಪರಿಹಾರ ಬೇಕಂದ್ರೆ ಸಾಕ್ಷಿ ತಾ ಅಂದ್ರು ವಕೀಲರು. ಇಲ್ಲಿ ಹಾಡ್ತಾ ಹಾಡ್ತಾ ಎಷ್ಟು ಕೆಮ್ತಿದ್ರು, ನೀನೇ ಕೇಳಿದೀಯಲ್ಲ!"

ಕೇಳಿದ್ದಷ್ಟೇ ಅಲ್ಲ, ಒಂದೊಂದು ಕೆಮ್ಮನ್ನೂ ಹುಡುಕಿ ಕತ್ತರಿಸಿದವನು ಕಪಂಬ್ವೆಯೇ. ಡಿಸ್ಕಿನಲ್ಲಿ ಜಾಗ ಸಾಲದೆ ಮೂಲ ರೆಕಾರ್ಡಿಂಗುಗಳನ್ನೂ ಅಳಿಸಿದ್ದ. ಅದನ್ನು ಹೇಳಲು ಬಾಯಿ ಬರದೆ, ಚಿಲೆಶೆ ಕೊನೆಗೆ ಹಾಡಿದ್ದನ್ನು ಹಾಕಿದ. ದನಿ ಎಲ್ಲೂ ತಡೆಯದೆ ಹರಿಯಿತು. ಮುಸೊಂಡ ಸ್ಪೀಕರಿನ ಹತ್ತಿರ ಬಗ್ಗಿ ಕಾದಳು. ಹಾಡು ಮುಗಿಯಿತು.

"ಇದ್ರಲ್ಲಿಲ್ಲ. ಬೇರೆದು ಹಾಕು."

"ಎಲ್ಲಾ ಹೀಗೇ ಇವೆ, ತಂಗೀ. ಹಾಡು ಚೆನ್ನಾಗಿರ್ಲಿ ಅಂತ ನಾನೇ ತೆಗೆದೆ. ಒಂದೂ ಉಳಿದಿಲ್ಲ."

ಅವಳು ಬೈಯಲಿಲ್ಲ. ಅದೇ ಹಾಡನ್ನು ಮತ್ತೊಮ್ಮೆ ಹಾಕಿಸಿ ಕೇಳಿದಳು.

"ಎಷ್ಟು ಗಟ್ಟಿಮುಟ್ಟಾಗಿದಾರೆ ಅನ್ಸುತ್ತಲ್ಲ ಅಣ್ಣಾ," ಎಂದಳು ಕೊನೆಗೆ. "ಇದನ್ನ ಗಣಿಯೋರ ಕೈಗೆ ಮಾತ್ರ ಕೊಡ್ಬೇಡ."