ಮೂರನೆಯ ಲೋಟ

"ತಿಂಡಿ ತಿಂದ್ಕೊಂಡೇ ಬಂದಿದೀರಲ್ವಾ? ಖಾಲಿ ಹೊಟ್ಟೇಲಿ ಈ ಮಾತ್ರೆ ನುಂಗಿದ್ರೆ ವಾಂತಿ ಆಗುತ್ತೆ," ಎನ್ನುತ್ತ ನರ್ಸ್ ಫಿಲೋಮಿನಾ ಎರಡು ಲೋಟ ನೀರಿಟ್ಟು, ಕ್ಲಮೈಡಿಯಾ ಮಾತ್ರೆಯ ಡಬ್ಬಿಯನ್ನು ಮುಂದೆ ತಳ್ಳಿದಳು.

ಲೈಂಗಿಕ ಸೋಂಕು ಯಾರಿಂದ ಯಾರಿಗೆ ದಾಟಿತ್ತೋ ಅವರೆಲ್ಲ ಮುಚ್ಚಳದ ಮೇಲೆ ಒಟ್ಟಿಗೆ ಬೆರಳಿಟ್ಟರೆ ಮಾತ್ರ ಇಂಥ ಡಬ್ಬಿ ತೆರೆಯುತ್ತಿತ್ತು. ಒಬ್ಬರಷ್ಟೇ ವಾಸಿಯಾದರೆ ಏನು ಬಂತು ಎಂದು ಜನ ಇದಕ್ಕೆ ಒಗ್ಗಿಕೊಂಡು ಯಾವ ಕಾಲವೋ ಆಗಿತ್ತು.

ನಾಗವೇಣಿ ಬೆರಳಿಟ್ಟಳು. "ಇದು ನಿನ್ನಿಂದ್ಲೇ ಬಂದಿದ್ದು" ಎಂದು ವಾರದಿಂದ ಗೊಣಗುತ್ತಿದ್ದ ಗಂಡ ವಿರೂಪಾಕ್ಷನೂ ಇಟ್ಟ. ಡಬ್ಬಿ ಮಿಸುಕಲಿಲ್ಲ.

"ಕೆಟ್ಟಿರ್ಬೇಕು, ಬೇರೆ ಕೊಡಿ ಸಿಸ್ಟರ್," ಎಂದ ಅವನು.

ಫಿಲೋಮಿನಾ ಬೇರೆ ಡಬ್ಬಿ ಕೊಡಲಿಲ್ಲ. ಇನ್ನೊಂದು ಲೋಟ ತೊಳೆದು, ನೀರು ತುಂಬಿ, ಆ ಎರಡರ ಪಕ್ಕದಲ್ಲಿಟ್ಟಳು.

ನಾಗವೇಣಿ ಅದನ್ನೇ ನೋಡಿದಳು. ಅವಳಿಗಂತೂ ಕರೆಯಬೇಕಾದವರು ಯಾರೂ ಇರಲಿಲ್ಲ. ವಿರೂಪಾಕ್ಷ ತಲೆ ತಗ್ಗಿಸಿ, ಫೋನ್ ಹಿಡಿದು ಬಾಗಿಲ ಕಡೆ ಹೊರಟ.

"ಇಲ್ಲೇ ಮಾತಾಡಿ," ಎಂದಳು ನಾಗವೇಣಿ. "ಏನಾದ್ರೂ ತಿಂದು ಬರೋಕೆ ಹೇಳಿ ಅವಳಿಗೆ. ಖಾಲಿ ಹೊಟ್ಟೇಲಿ ಬಂದಾಳು."