ಒಂದು ಹಾಡಿನಷ್ಟು ನೀಲಿ

ನಾಟಕ ಮಂದಿರದ ಮ್ಯಾನೇಜರ್ ಹೊಸ ಪರದೆಯನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಹಳೆಯ ಪರದೆಯ ತುಂಡೊಂದನ್ನು ಇಟ್ಟ. “ಇದು ಆ ನೀಲಿ ಅಲ್ಲ, ಮೇಷ್ಟ್ರೇ.”

ಬಣ್ಣಗಾರ ಬಗ್ಗಿ ನೋಡಲೂ ಇಲ್ಲ. “ನಿಮ್ಮ ಪರದೆ ಬಿಸಿಲಿಗೆ ಮಾಸಿದೆ.”

“ಮಂದಿರದ ಒಳಗೆ ಬಿಸಿಲು ಎಲ್ಲಿಂದ ತರ್ಲಿ? ಈ ತುಂಡು ಮಡಿಕೆ ಒಳಗಿಂದ ಕತ್ತರಿಸಿದ್ದು. ಎಂಟು ವರ್ಷದ ಹಿಂದೆ ನೀವೇ ಹಾಕಿದ ಬಣ್ಣ. ಏಳರಲ್ಲಿ ಒಂದು ಸುಟ್ಟುಹೋಯ್ತು, ಅದಕ್ಕೆ ಜೋಡಿ ಕೇಳಿದ್ದೆ. ನಾಳೆ ಸಂಜೆಯೊಳಗೆ ಸರಿಹೋಗದಿದ್ರೆ ಏಳನ್ನೂ ಬೇರೆ ಕಡೆ ಮಾಡಿಸ್ತೀನಿ. ಬೇಜಾರು ಮಾಡ್ಕೋಬೇಡಿ.”

“ನನ್ನ ನೀಲಿ ಮೂವತ್ತು ವರ್ಷದಿಂದ ಕೂದಲೆಳೆಯಷ್ಟೂ ಬದಲಾಗಿಲ್ಲ,” ಎಂದ ಬಣ್ಣಗಾರ. ಮ್ಯಾನೇಜರ್ ಹೋದ ಮೇಲೆ ಅದನ್ನೇ ಇನ್ನೊಮ್ಮೆ ಗೋಡೆಗೂ ಹೇಳಿದ. ಮಗಳು ಮಾತ್ರ ಎರಡೂ ಬಟ್ಟೆಗಳನ್ನು ಕಿಟಕಿಯ ಬಳಿಗೆ ಒಯ್ದು ನೋಡಿದಳು. ಹೊಸದು ಕಪ್ಪಿಗೆ ತಿರುಗಿತ್ತು. ಅಪ್ಪನಿಗೆ ಹೇಳುವವರು ಯಾರು?

ಬಣ್ಣದ ಮನೆಯಲ್ಲಿ ಗಡಿಯಾರವಿರಲಿಲ್ಲ. ಹಬೆ ಎದ್ದರೆ ಎದುರಿನ ಗೋಡೆಯೇ ಕಾಣದು, ಇನ್ನು ಮುಳ್ಳು ಎಲ್ಲಿ ಕಾಣಬೇಕು? ಕಿವಿಗೆ ಹಬೆಯ ಕಾಟವಿಲ್ಲ. ಪಕ್ಕದ ಕೋಣೆಯಲ್ಲಿ ಒಂದು ಟೇಪ್ ರೆಕಾರ್ಡರ್, ಅದರೊಳಗೆ ಯಾವಾಗಲೂ ಒಂದೇ ಕ್ಯಾಸೆಟ್. ಇಪ್ಪತ್ತರ ವಯಸ್ಸಿನಲ್ಲಿ ಬಣ್ಣಗಾರನಿಗೆ ಹುಚ್ಚು ಹಿಡಿಸಿದ, ಕನಸು ಕಂಡಂತೆ ಹಾಡುವ ಸೈಕೆಡೆಲಿಕ್ ರಾಕ್ ತಂಡದ ಹಾಡು ಅದು. ಹಾಡೆಂದರೆ ಕ್ಯಾಸೆಟ್ಟಿನ ಇಡೀ ಒಂದು ಬದಿ. ಅದರ ಸಾಲುಗಳೇ ಅವನಿಗೆ ಗಡಿಯಾರ. ಅವನ ಕೆಲಸದ ಪುಸ್ತಕದಲ್ಲಿ ನೀಲಿಯ ಪುಟ ತೆರೆದರೆ ಹೀಗಿರುತ್ತಿತ್ತು: ‘ಚಂದ್ರ ಅಂಗಿ ಬಿಚ್ಚಿ ಬಾವಿಗೆ ಇಳಿದಾಗ ಉಪ್ಪು. ಮೀನುಗಳು ನಕ್ಷತ್ರ ಎಣಿಸುವಾಗ ಸೋಡಾ. ಕೊನೆಯ ಗಿಟಾರ್ ಕರಗಿದ ಮೇಲೆ ಬಟ್ಟೆ ಎತ್ತುವುದು.’ ಆ ತಂಡ ಒಡೆದು ಎಷ್ಟೋ ವರ್ಷಗಳಾಗಿದ್ದವು. ತಮ್ಮ ಕವಿತೆ ಕೇಳಿ ಯಾರಾದರೂ ಮನೆಮಠ ಬಿಟ್ಟು ಹೋದಾರು ಎಂದು ಆ ನಾಲ್ವರು ಅಂದುಕೊಂಡಿದ್ದರೇನೋ. ಯಾರಾದರೂ ಬಣ್ಣದ ತೊಟ್ಟಿಗೆ ಉಪ್ಪು ಹಾಕಿಯಾರು ಎಂದಂತೂ ಅಂದುಕೊಂಡಿರಲಿಕ್ಕಿಲ್ಲ.

ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಮಗಳು ಹಾಡು ಹಾಕಿ ಮೊಬೈಲಿನಲ್ಲಿ ಹೊತ್ತು ಅಳೆದಳು. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಇಪ್ಪತ್ತೊಂದು ನಿಮಿಷ ಎಂದು ಅಚ್ಚಾಗಿತ್ತು. ಹಾಡು ಮುಗಿದಾಗ ಇಪ್ಪತ್ನಾಲ್ಕು ದಾಟಿತ್ತು. ಟೇಪ್ ರೆಕಾರ್ಡರ್ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟ್ ಹಳೆಯ ಕಾಲುಚೀಲದ ಬಾಯಿಯಂತೆ ಜೋಲಾಡುತ್ತಿತ್ತು. ಅದನ್ನು ಹಾಕಿಸಿದ್ದು ಎಂಟು ವರ್ಷದ ಹಿಂದೆ, ಇದೇ ಪರದೆಗಳಿಗೆ ಬಣ್ಣ ಹಾಕಿದ ವಾರ. ರಿಪೇರಿ ಅಂಗಡಿಗೆ ಹೋಗಿ ಬಂದವಳು ಅವಳೇ. ಅಲ್ಲಿಂದೀಚೆಗೆ ವರ್ಷ ವರ್ಷ ಹಾಡು ನಿಧಾನವಾಗಿದೆ, ಬಟ್ಟೆ ಬಣ್ಣದಲ್ಲಿ ಹೆಚ್ಚು ಹೊತ್ತು ನೆನೆದಿದೆ. ದಿನಾ ಕೇಳುವವನಿಗೆ ಅದು ಗೊತ್ತಾಗಿಲ್ಲ. ಕೂದಲೆಳೆಯಷ್ಟೂ ಬದಲಾಗಿಲ್ಲ ಎಂದು ಎದೆ ತಟ್ಟಿಕೊಂಡವನಿಗೆ ಇದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಸುಮ್ಮನೆ ಹೋಗಿ ಹೊಸ ಬೆಲ್ಟ್ ತಂದು ಹಾಕಿಟ್ಟಳು.

ಮರುದಿನ ಬೆಳಗ್ಗೆ, ಏಳೂ ಪರದೆ ಕೈತಪ್ಪದಿರಲೆಂದು, ಇನ್ನೊಂದು ಬಿಳಿ ಬಟ್ಟೆ ತೊಟ್ಟಿಗಿಳಿಯಿತು. ಅವಳು ಹಾಡು ಹಾಕಿದಳು. ಮೊದಲ ಸಾಲು ಕೇಳುತ್ತಲೇ ಬಣ್ಣಗಾರ ಕೋಲು ಹಿಡಿದ ಕೈಯನ್ನು ನಿಲ್ಲಿಸಿದ.

“ಇದೇನು, ಇವತ್ತು ಇವರಿಗೆ ಇಷ್ಟು ಆತುರ?”

ಮಗಳು ಸೋಡಾದ ಬಕೆಟ್ಟಿನೊಳಗೆ ಮುಖ ಹಾಕಿಕೊಂಡು ಏನನ್ನೋ ಹುಡುಕಿದಳು. ಅಷ್ಟರಲ್ಲಿ ಚಂದ್ರ ಅಂಗಿ ಬಿಚ್ಚಿಯಾಗಿತ್ತು. ಬಣ್ಣಗಾರ ಗಡಿಬಿಡಿಯಿಂದ ಉಪ್ಪು ಸುರಿದ. ಮೀನುಗಳೂ ಕಾಯಲಿಲ್ಲ. ಕೊನೆಯ ಗಿಟಾರ್ ಕರಗಿ ಬಟ್ಟೆ ಮೇಲೆತ್ತುವಾಗ ಅವನಿಗೆ ಏದುಸಿರು ಬರುತ್ತಿತ್ತು. ಹೋಗಿ ಕಿಟಕಿಯ ಬಳಿ ಕೂತ.

ಸಂಜೆ ಮ್ಯಾನೇಜರ್ ಒಣಗಿದ ಪರದೆಯ ಮೇಲೆ ತನ್ನ ತುಂಡನ್ನು ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಅದೆಲ್ಲಿದೆಯೆಂದು ಕಾಣದೆ ಕೈಯಿಂದ ತಡವಿ ಹುಡುಕಿದ. “ಇದು ನೋಡಿ ನಿಮ್ಮ ನೀಲಿ! ನಿನ್ನೆ ಏನಾಗಿತ್ತೋ ಏನೋ.” ಖುಷಿಯಿಂದ ಪರದೆಯನ್ನು ಹೆಗಲಿಗೇರಿಸಿಕೊಂಡು ಹೊರಟ.

ಮಗಳಿಗೆ ಇನ್ನು ತಡೆಯಲಾಗಲಿಲ್ಲ. ಹಳೆಯ ಬೆಲ್ಟನ್ನು ತಂದು ಅಪ್ಪನ ಮುಂದಿಟ್ಟಳು. “ಇದು ಸಡಿಲ ಆಗಿತ್ತು ಅಪ್ಪಾ. ಹಾಡು ಮೂರು ನಿಮಿಷ ಉದ್ದ ಆಗ್ಬಿಟ್ಟಿತ್ತು. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ.”

ಬೈಗುಳಕ್ಕೆ ಅವಳು ತಯಾರಾಗಿ ನಿಂತಿದ್ದಳು. ಬಣ್ಣಗಾರ ಬೆಲ್ಟನ್ನು ನೀಲಿ ಹತ್ತಿದ ಬೆರಳಿಗೆ ಸುತ್ತಿ ಎಳೆದು ನೋಡಿದ. ಹಿಗ್ಗಿತು, ಮತ್ತೆ ಕುಗ್ಗಲಿಲ್ಲ.

“ಅಂದ್ರೆ ಮ್ಯಾನೇಜರು ಹೇಳಿದ್ದೇ ನಿಜ.”

“ತಪ್ಪು ನಿಮ್ಮದಲ್ಲ ಅಪ್ಪಾ, ಬೆಲ್ಟಿಂದು.”

“ಬಣ್ಣದ ಮಾತು ಬಿಡು, ಅದು ಸರಿಯಾಯ್ತು.” ಅವನು ಟೇಪ್ ರೆಕಾರ್ಡರಿನ ಕಡೆ ನೋಡಿದ. “ಇಷ್ಟು ದಿನ ನನ್ನ ಜೊತೇಲೇ ಅವರಿಗೂ ವಯಸ್ಸಾಗ್ತಾ ಇತ್ತು ಕಣಮ್ಮ. ನೀನು ಅವರನ್ನ ಮತ್ತೆ ಇಪ್ಪತ್ತಕ್ಕೆ ಕಳಿಸ್ಬಿಟ್ಟೆ. ನಾನೊಬ್ಬನೇ ಇಲ್ಲಿ ಉಳ್ಕೊಂಡೆ.”