ಐದೂವರೆಯ ಬಸ್ಸು

ಬಸ್ಸಿನ ಬಾಗಿಲು ತೆರೆದದ್ದೇ ತಡ, ಐವತ್ತು ಜನ ವಿದ್ಯಾರ್ಥಿಗಳು ಬ್ಯಾಗು ಹೊತ್ತು ಕೆಳಗಿಳಿದರು. ಹಳೆ ಪೇಟೆಯ ಕಡೆ ಕಣ್ಣೆತ್ತಿಯೂ ನೋಡದೆ, ಅದರ ಹಿಂದಿದ್ದ ರೈಲು ನಿಲ್ದಾಣಕ್ಕೆ ಸರಸರನೆ ನಡೆದುಬಿಟ್ಟರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ ವ್ಯಾಪಾರಿಗಳಿಗೆ ಮುಖದ ಮೇಲಿನ ನಗುವನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಪೇಟೆಗೆ ಜೀವ ತುಂಬಲೆಂದು ಪುರಸಭೆಯೂ ವಿಶ್ವವಿದ್ಯಾಲಯವೂ ಕೈಜೋಡಿಸಿ, ಎಂಟು ಸಭೆ ನಡೆಸಿ, ಶನಿವಾರ ಭಾನುವಾರಗಳಿಗೆಂದು ಕ್ಯಾಂಪಸ್ಸಿನಿಂದ ಪೇಟೆಗೆ ಬಿಟ್ಟ ಉಚಿತ ಬಸ್ಸು ಅದು. ಮೊದಲ ದಿನದ ಫಲವೆಂದರೆ, ಮಕ್ಕಳಿಗೆ ಊರು ಬಿಟ್ಟು ಹೋಗುವುದು ಸುಲಭವಾಯಿತು.

"ನಮ್ಮ ಬೀದಿಗೆ ಇಷ್ಟು ಜನ ಒಟ್ಟಿಗೆ ಬೆನ್ನು ತೋರಿಸಿದ್ದು ಇದೇ ಮೊದಲು ಮೇಡಂ," ಎಂದಳು ಜಿಪ್ಪಕ್ಕ. ಬ್ಯಾಗು ರಿಪೇರಿ ಅಂಗಡಿಯ ಆಕೆಯನ್ನು ಊರೆಲ್ಲ ಕರೆಯುತ್ತಿದ್ದುದೇ ಹಾಗೆ. ಮೇಡಂ ಎಂದರೆ ಅರ್ಥಶಾಸ್ತ್ರದ ಪ್ರಾಧ್ಯಾಪಕಿ. ಬಸ್ಸು ಅವರದೇ ಯೋಚನೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು, ಆಮೇಲೆ ಅದನ್ನು ಹೊಡೆದುಹಾಕಿದರು.

ಮರುದಿನ ಸಂಜೆ ಐದರ ರೈಲು ಅದೇ ಮಕ್ಕಳನ್ನು ತಂದು ಇಳಿಸಿತು. ಕ್ಯಾಂಪಸ್ಸಿಗೆ ಮರಳುವ ಬಸ್ಸು ಹೊರಡುವುದು ಐದೂವರೆಗೆ. ಮಾಡಲು ಕೆಲಸವಿಲ್ಲದ ಅರ್ಧ ಗಂಟೆ. ಬಾಯಿಬಿಟ್ಟ ಬ್ಯಾಗನ್ನು ಎದೆಗವಚಿಕೊಂಡು ಒಬ್ಬ ಹುಡುಗಿ ಜಿಪ್ಪಕ್ಕನ ಮುಂದೆ ನಿಂತಳು. ಜೊತೆಯವರು ಕಾದು ಬೇಜಾರಾಗಿ ಪಕ್ಕದ ಚಪ್ಪಲಿ ಅಂಗಡಿಗೆ ನುಗ್ಗಿದರು. ಒಬ್ಬ ಕ್ಷೌರಕ್ಕೆ ಕೂತ, ಇಬ್ಬರು ಪೆನ್ನಿನಂಗಡಿಯಲ್ಲಿ ಶಾಯಿಯ ಬಣ್ಣಕ್ಕಾಗಿ ಜಗಳವಾಡಿದರು. ಮುಂದಿನ ಭಾನುವಾರವೂ ಹಾಗೆಯೇ, ಅದರ ಮುಂದಿನದೂ. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ ತಮ್ಮನ ಮನೆಗೆ ಹೋಗುವವಳಿದ್ದ ಜಿಪ್ಪಕ್ಕ, ಕಟ್ಟಡದ ಯಜಮಾನರ ಬಳಿ ಹೋಗಿ, "ಬಿಡ್ತೀನಿ ಅಂದಿದ್ದು ಕೋಪಕ್ಕೆ ಅಂದಿದ್ದು ಅಂತ ತಿಳ್ಕೊಳ್ಳಿ," ಎಂದು ಬಂದಳು.

ಐದನೆಯ ವಾರದ ನಡುವೆ ಮೇಡಂ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತರು. ಮುಖ ಸಪ್ಪಗಿತ್ತು.

"ಮಕ್ಕಳ ಅಭಿಪ್ರಾಯ ಕೇಳಿದ್ವಿ ಅಕ್ಕ. ಭಾನುವಾರ ಅರ್ಧ ಗಂಟೆ ಸುಮ್ನೆ ಕಾಯಿಸ್ತೀರಿ ಅಂತ ಎಲ್ಲರದೂ ಒಂದೇ ದೂರು. ಇನ್ಮೇಲೆ ಬಸ್ಸು ಐದು ಗಂಟೆ ಹತ್ತು ನಿಮಿಷಕ್ಕೇ ಹೊರಡುತ್ತೆ. ಜಂಟಿ ಸಮಿತೀಲಿ ಪಾಸಾಗಿಹೋಯ್ತು."

"ನೀವೂ ಕೈ ಎತ್ತಿದ್ರಾ?"

"ಎತ್ತಿದೆ. ಸಮಯ ಉಳಿಸೋದು ಒಳ್ಳೇದೇ ಅಲ್ವಾ ಅಂತ. ಮೆಟ್ಟಿಲಿಳೀವಾಗ ಹೊಳೀತು, ಏನು ಮಾಡಿದೆ ಅಂತ."

ಜಿಪ್ಪಕ್ಕ ಕೈಲಿದ್ದ ಬ್ಯಾಗಿನ ಜಿಪ್ಪನ್ನು ಎರಡು ಸಲ ಎಳೆದು ನೋಡಿ ಪಕ್ಕಕ್ಕಿಟ್ಟಳು. "ಬೇಕು ಅಂತ ಪೇಟೆಗೆ ಬರೋರು ಈಗ ಯಾರಿದಾರೆ ಮೇಡಂ? ಬಸ್ಸು ಇನ್ನೂ ಹೊರಟಿಲ್ಲ ಅಂತ ಬರ್ತಾರೆ. ನಾವು ಬದುಕ್ತಾ ಇರೋದೇ ಆ ಅರ್ಧ ಗಂಟೇಲಿ. ಅದನ್ನೇ ಉಳಿಸ್ಬಿಟ್ರೆ ಹೇಗೆ?"

"ಬಸ್ಸು ತಡವಾಗಿ ಹೊರಡ್ಬೇಕು ಅಂತ ಯೋಜನೆಯಲ್ಲಿ ಹೇಗೆ ಬರೀಲಿ? ನಗ್ತಾರೆ."

"ಇಷ್ಟೆಲ್ಲ ಓದಿದ್ದೀರಿ. ಅದಕ್ಕೂ ಒಂದು ದೊಡ್ಡ ಹೆಸರು ಇದ್ದೇ ಇರುತ್ತೆ, ಹುಡುಕಿ."

ಮೇಡಂ ನಿಜವಾಗಿಯೂ ಹುಡುಕಿದರು. ಮೂರು ದಿನ ಹುಡುಕಿದರೂ ಸಿಗಲಿಲ್ಲ.

ಭಾನುವಾರ ಹೊಸ ವೇಳೆಯ ಮೊದಲ ಬಸ್ಸನ್ನು ಕಳಿಸಿಕೊಡಲು ಪುರಸಭೆಯ ಕಾರ್ಯದರ್ಶಿ ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದರು, ಪಕ್ಕದಲ್ಲಿ ಮೇಡಂ. ರೈಲಿನಿಂದ ಇಳಿದ ಮಕ್ಕಳು ನೇರವಾಗಿ ಬಂದು ಬಸ್ಸು ಹತ್ತಿ ಕೂತರು. ಬೀದಿಯುದ್ದಕ್ಕೂ ವ್ಯಾಪಾರಿಗಳು ಸುಮ್ಮನೆ ನೋಡುತ್ತಿದ್ದರು. ಐದು ಗಂಟೆ ಒಂಬತ್ತು ನಿಮಿಷಕ್ಕೆ ಡ್ರೈವರು ಸೀಟಿನಿಂದ ಇಳಿದು ಬಂದು, ಮುಂದಿನ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನ ಕಿವಿಗೆ ಯಾರು ಏನು ಹಾಕಿದ್ದರೋ. ಜಿಪ್ಪಕ್ಕನಂತೂ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋಗಿದ್ದಳು.

"ಗಾಳಿ ಯಾಕೋ ಕಮ್ಮಿ ಅನ್ಸುತ್ತೆ," ಎಂದ ಡ್ರೈವರು. "ಮಕ್ಕಳೇ, ಇಳಿದು ಓಡಾಡ್ತಿರಿ. ಹೊರಡೋವಾಗ ಹಾರನ್ ಹೊಡೀತೀನಿ."

ಮಕ್ಕಳು ಗೊಣಗುತ್ತ ಇಳಿದರು. ಸ್ವಲ್ಪ ಹೊತ್ತು ಅಲ್ಲೇ ನಿಂತರು. ಆಮೇಲೆ ಒಬ್ಬ ಚಪ್ಪಲಿ ಅಂಗಡಿಯ ಕಡೆ ಹೊರಟ, ಅವನ ಹಿಂದೆ ನಾಲ್ವರು.

"ಟೈರು ಸರಿಯಾಗೇ ಇದೆಯಲ್ಲಯ್ಯ," ಎಂದರು ಕಾರ್ಯದರ್ಶಿ.

"ನಾನು ಓದಿಲ್ದೋನು ಸಾರ್. ಬೇಕಾದ್ರೆ ಮೇಡಂ ನೋಡಿ ಹೇಳ್ಲಿ."

ಅರ್ಥಶಾಸ್ತ್ರದ ಪ್ರಾಧ್ಯಾಪಕಿ ಕನ್ನಡಕ ಸರಿಮಾಡಿಕೊಂಡು, ರಸ್ತೆಯ ಧೂಳಿನಲ್ಲಿ ಮಂಡಿಯೂರಿ ಕೂತು, ಏನೂ ಆಗಿರದ ಆ ಟೈರನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಒತ್ತಿಯೂ ನೋಡಿದರು.

"ಹಿಂದಿನದನ್ನೂ ನೋಡೋದು ಒಳ್ಳೇದು," ಎಂದರು, "ಅವಸರ ಏನಿಲ್ಲ."